ಮಾರುವವನೇ ತಂದ ಸೇರು: ಡೇಟಾ ಟೂಲ್‌ಗಳ ಹೋಲಿಕೆಯಲ್ಲಿ ಕಾಣದೆ ಉಳಿಯುವುದು

ಡೇಟಾ ಎಂಜಿನಿಯರಿಂಗ್ ತಂಡಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ದಿನಕ್ಕೆ ಇಪ್ಪತ್ತು ಮೂವತ್ತು ಜಿಬಿಯಷ್ಟು ವಹಿವಾಟಿನ ದಾಖಲೆಗಳನ್ನು ಓದಿ, ತಪ್ಪುಗಳನ್ನು ತೆಗೆದು, ಬೇರೆ ಕೋಷ್ಟಕಗಳೊಂದಿಗೆ ಜೋಡಿಸಿ ಬೆಳಗಾಗುವಷ್ಟರಲ್ಲಿ ವರದಿ ಸಿದ್ಧಪಡಿಸುವ ಕೆಲಸವೊಂದು ಬಂದರೆ, ಹತ್ತು ವರ್ಷಗಳ ರೂಢಿಯಂತೆ ಅಪಾಚೆ ಸ್ಪಾರ್ಕ್ ಎಂಬ ತಂತ್ರಾಂಶದ ಕ್ಲಸ್ಟರ್ (ಒಟ್ಟಿಗೆ ದುಡಿಯುವ ಹಲವು ಯಂತ್ರಗಳ ಗುಂಪು) ಎಬ್ಬಿಸಬೇಕೇ ಅಥವಾ ಡಕ್‌ಡಿಬಿ, ಪೋಲಾರ್ಸ್ ಎಂಬ ಹೊಸ ಟೂಲ್‌ಗಳಲ್ಲಿ ಒಂದನ್ನು ಹಾಕಿಕೊಂಡು ಒಂದೇ ಯಂತ್ರದಲ್ಲಿ ಮುಗಿಸಿಬಿಡಬೇಕೇ ಎಂಬುದು ಆ ಪ್ರಶ್ನೆ. ಡಕ್‌ಡಿಬಿಯ 1.0 ಆವೃತ್ತಿ 2024ರ ಜೂನ್‌ನಲ್ಲಿ ಬಂತು, ಪೋಲಾರ್ಸ್‌ನದು ಅದರ ಮರುತಿಂಗಳೇ ಬಂತು. ಅಲ್ಲಿಯವರೆಗೆ ‘ನೋಡೋಣ, ಇನ್ನೂ ಪಕ್ವವಾಗಲಿ’ ಎಂದು ದೂರ ನಿಂತಿದ್ದವರಿಗೆ ಆ ನೆಪವೂ ಇಲ್ಲದಾಯಿತು.

ಈ ಪ್ರಶ್ನೆಗೆ ಸಿಗುವ ಉತ್ತರಗಳು ಹೆಚ್ಚಾಗಿ ಬಣ್ಣದ ಪಟ್ಟಿಗಳ ರೂಪದಲ್ಲಿರುತ್ತವೆ: ಇದು ಅದಕ್ಕಿಂತ ಎಂಟು ಪಟ್ಟು ವೇಗ, ಅದು ಇದಕ್ಕಿಂತ ಅರ್ಧ ಖರ್ಚು. ಆ ಪಟ್ಟಿಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ಸಂಗತಿಗಳು ಅವುಗಳಲ್ಲಿ ಕಾಣುವುದಿಲ್ಲ. ಅಳತೆಗೋಲು ಯಾರ ಕೈಯಲ್ಲಿದೆ ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು, ಒಂದೇ ಡೇಟಾ ಕೊಟ್ಟಾಗ ಈ ಟೂಲ್‌ಗಳು ಒಂದೇ ಉತ್ತರ ಕೊಡುತ್ತವೆಯೇ ಎಂಬ ಪ್ರಶ್ನೆ.

ಮೊದಲು, ಕ್ಲಸ್ಟರ್ ಎಂಬುದು ರೂಢಿಯಾದದ್ದು ಹೇಗೆಂದು ನೋಡಬೇಕು. ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಮ್ಯಾಪ್‌ರೆಡ್ಯೂಸ್ ಎಂಬ ಕ್ರಮದ ಬಗ್ಗೆ ಗೂಗಲ್ ತನ್ನ ಪ್ರಬಂಧವನ್ನು ಪ್ರಕಟಿಸಿದ್ದು 2004ರಲ್ಲಿ. ಅದನ್ನು ಅನುಸರಿಸಿ ಹಡೂಪ್ ಎಂಬ ಮುಕ್ತ ತಂತ್ರಾಂಶ ಹುಟ್ಟಿದ್ದು 2006ರಲ್ಲಿ. ಅದೇ 2006ರಲ್ಲಿ ಅಮೆಜಾನ್ ಬಾಡಿಗೆಗೆ ಕೊಡಲು ಆರಂಭಿಸಿದ ಮೊದಲ ಯಂತ್ರಕ್ಕೆ ಇದ್ದ ಮೆಮೊರಿ 1.7 ಜಿಬಿ ಮಾತ್ರ. ಅಷ್ಟು ಸಣ್ಣ ಯಂತ್ರಗಳ ಕಾಲದಲ್ಲಿ ಕೆಲಸವನ್ನು ನೂರಾರು ಯಂತ್ರಗಳಿಗೆ ಹಂಚದೆ ಬೇರೆ ದಾರಿಯಿರಲಿಲ್ಲ. 2009ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮಟೇ ಝಹಾರಿಯಾ ಆರಂಭಿಸಿದ ಸ್ಪಾರ್ಕ್, ಹಂತಹಂತಕ್ಕೂ ಡಿಸ್ಕಿಗೆ ಬರೆಯುವ ಹಡೂಪ್‌ನ ಕ್ರಮವನ್ನು ಬಿಟ್ಟು ಡೇಟಾವನ್ನು ಆದಷ್ಟೂ ಮೆಮೊರಿಯಲ್ಲೇ ಇಟ್ಟುಕೊಂಡಿತು. 2014ರ ವಿಂಗಡಣೆ ಸ್ಪರ್ಧೆಯಲ್ಲಿ ಅದು 100 ಟಿಬಿ ಡೇಟಾವನ್ನು 206 ಯಂತ್ರಗಳಲ್ಲಿ 23 ನಿಮಿಷಕ್ಕೆ ಮುಗಿಸಿತು. ಹಡೂಪ್‌ನ ಹಿಂದಿನ ದಾಖಲೆಗೆ ಸುಮಾರು 2,100 ಯಂತ್ರಗಳೂ 72 ನಿಮಿಷವೂ ಹಿಡಿದಿದ್ದವು. ಆ ಗೆಲುವಿನ ನಂತರ ಡೇಟಾ ಎಂದರೆ ಸ್ಪಾರ್ಕ್ ಎಂಬ ಭಾವನೆ ನೆಲೆಯೂರಿತು. ಕೆಲಸದ ಸಂದರ್ಶನಗಳಲ್ಲಿ ಕೇಳುವ ಪ್ರಶ್ನೆಗಳೂ ಅದರ ಸುತ್ತಲೇ ಬೆಳೆದವು.

ಆದರೆ ಯಂತ್ರಗಳು ಸುಮ್ಮನೆ ನಿಂತಿರಲಿಲ್ಲ. ಇಂದು ಅದೇ ಅಮೆಜಾನ್‌ನಲ್ಲಿ 24 ಟಿಬಿ ಮೆಮೊರಿಯ ಒಂದೇ ಯಂತ್ರ ಬಾಡಿಗೆಗೆ ಸಿಗುತ್ತದೆ. ಅಷ್ಟು ದೊಡ್ಡದು ಯಾರಿಗೂ ಸುಲಭವಾಗಿ ಬೇಕಾಗುವುದಿಲ್ಲ, ನಿಜ. ಆದರೆ 128 ಅಥವಾ 256 ಜಿಬಿ ಮೆಮೊರಿಯ ಯಂತ್ರ ಈಗ ಮಾಮೂಲು ಸಾಮಾನು. 2015ರಲ್ಲೇ ಫ್ರಾಂಕ್ ಮೆಕ್‌ಶೆರಿ ಮತ್ತು ಅವರ ಇಬ್ಬರು ಸಹಲೇಖಕರು ಒಂದು ಕೀಟಲೆಯ ಪ್ರಯೋಗ ಮಾಡಿದ್ದರು. ಬೇರೆಯವರು ದೊಡ್ಡ ಗ್ರಾಫ್‌ಗಳನ್ನು (ಕೊಂಡಿಗಳಿಂದ ಬೆಸೆದ ಬಿಂದುಗಳ ಜಾಲಗಳನ್ನು) 128 ಪ್ರೊಸೆಸರ್ ಕೋರ್‌ಗಳಲ್ಲಿ ಸಂಸ್ಕರಿಸಿ ಹೆಮ್ಮೆಯಿಂದ ಪ್ರಕಟಿಸಿದ್ದ ಫಲಿತಾಂಶಗಳನ್ನು ತೆಗೆದುಕೊಂಡು, ಅದೇ ಕೆಲಸವನ್ನು ಲ್ಯಾಪ್‌ಟಾಪ್‌ನ ಒಂದೇ ಥ್ರೆಡ್‌ನಲ್ಲಿ ಎಚ್ಚರಿಕೆಯಿಂದ ಬರೆದು ಓಡಿಸಿದರು. ಹಲವು ಕಡೆ ಲ್ಯಾಪ್‌ಟಾಪೇ ಮುಂದಿತ್ತು. ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: ಯಂತ್ರಗಳನ್ನು ಹೆಚ್ಚಿಸಿದಷ್ಟೂ ವೇಗ ಹೆಚ್ಚುತ್ತದೆ ಎಂದು ಹೇಳುವಾಗ, ಆ ವೇಗ ಯಾವ ತಳದಿಂದ ಹೆಚ್ಚುತ್ತಿದೆ? ಮೂವರ ಊಟಕ್ಕೆ ಮದುವೆಮನೆಯ ಕೊಪ್ಪರಿಗೆ ಏರಿಸಿ, ಎರಡು ಕೊಪ್ಪರಿಗೆ ಇಟ್ಟರೆ ಬೇಗ ಬೇಯುತ್ತದೆ ಎಂದು ತೋರಿಸಿದಂತಾಗಬಾರದಲ್ಲ.

2023ರಲ್ಲಿ, ಗೂಗಲ್‌ನ ಬಿಗ್‌ಕ್ವೆರಿ ಎಂಬ ಡೇಟಾ ಸೇವೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಜೋರ್ಡನ್ ಟಿಗಾನಿ, ಬಹುಪಾಲು ಗ್ರಾಹಕರ ಬಳಿ ಇರುವ ಒಟ್ಟು ಡೇಟಾ ಒಂದು ಟಿಬಿಗಿಂತ ಕಡಿಮೆಯೆಂದೂ, ಬೃಹತ್ ಡೇಟಾದ ಕಾಲ ಮುಗಿಯಿತೆಂದೂ ಬರೆದರು. ಆ ಲೇಖನವನ್ನು ಉಲ್ಲೇಖಿಸುವವರು ಇನ್ನೊಂದು ಮಾತನ್ನೂ ಸೇರಿಸಿ ಹೇಳುವುದು ಒಳ್ಳೆಯದು: ಬರೆಯುವ ಹೊತ್ತಿಗೆ ಅವರು ಡಕ್‌ಡಿಬಿಯನ್ನೇ ಆಧರಿಸಿದ ಮದರ್‌ಡಕ್ ಕಂಪನಿಯ ಸ್ಥಾಪಕರಾಗಿದ್ದರು. ವಾದ ಸರಿಯಾಗಿರಬಹುದು, ನನಗೂ ಅದು ಬಹುಮಟ್ಟಿಗೆ ಒಪ್ಪಿಗೆಯೇ. ಆದರೂ ಹೇಳಿದವರು ಯಾರೆಂದು ತಿಳಿದಿರಬೇಕು.

ಒಂದೇ ಯಂತ್ರದ ಟೂಲ್‌ಗಳಲ್ಲಿ ಹಿರಿಯದು ಪಾಂಡಾಸ್. ವೆಸ್ ಮೆಕಿನ್ನಿ 2008ರಲ್ಲಿ ಹಣಕಾಸು ಸಂಸ್ಥೆಯೊಂದರಲ್ಲಿದ್ದಾಗ ಬರೆಯತೊಡಗಿದ ಈ ಲೈಬ್ರರಿ ಪೈಥಾನ್ ಕಲಿತವರೆಲ್ಲರಿಗೂ ಪರಿಚಿತ. ಅದರ ತೊಂದರೆಗಳನ್ನು ಎಲ್ಲರಿಗಿಂತ ನಿಷ್ಠುರವಾಗಿ ಪಟ್ಟಿ ಮಾಡಿದವರೂ ಮೆಕಿನ್ನಿಯವರೇ. ಡೇಟಾದ ಗಾತ್ರಕ್ಕಿಂತ 5ರಿಂದ 10 ಪಟ್ಟು ಮೆಮೊರಿ ಇರಬೇಕೆಂಬುದು 2017ರಲ್ಲಿ ಅವರು ಕೊಟ್ಟ ಅಂದಾಜು. ಪಾಂಡಾಸ್ ಪ್ರತಿ ಹೆಜ್ಜೆಯನ್ನೂ ಹೇಳಿದ ಕೂಡಲೇ ಮಾಡಿಬಿಡುತ್ತದೆ. ನಾವು ಬರೆದ ಹತ್ತು ಸಾಲುಗಳಲ್ಲಿ ಕೊನೆಯದು ‘ಬಳ್ಳಾರಿ ಜಿಲ್ಲೆ ಮಾತ್ರ’ ಎಂದಿದ್ದರೂ ಮೊದಲ ಒಂಬತ್ತು ಸಾಲುಗಳು ಇಡೀ ರಾಜ್ಯದ ಡೇಟಾವನ್ನು ಹೊತ್ತುಕೊಂಡೇ ನಡೆಯುತ್ತವೆ, ದಾರಿಯಲ್ಲಿ ಹಲವು ಪ್ರತಿಗಳನ್ನೂ ಮಾಡುತ್ತವೆ.

ರಿಚಿ ವಿಂಕ್ 2020ರಲ್ಲಿ ರಸ್ಟ್ ಭಾಷೆಯಲ್ಲಿ ಬರೆಯಲು ಆರಂಭಿಸಿದ ಪೋಲಾರ್ಸ್, ಬೇಕೆಂದರೆ ಇಡೀ ಸರಣಿಯನ್ನು ಮೊದಲು ಓದಿಕೊಂಡು, ಶೋಧನೆಯನ್ನು ಮುಂದಕ್ಕೆ ತಂದು, ಬೇಡದ ಕಾಲಂಗಳನ್ನು ಮುಟ್ಟದೆಯೇ ಬಿಟ್ಟು, ಆಮೇಲೆ ಎಲ್ಲ ಕೋರ್‌ಗಳನ್ನೂ ಬಳಸಿ ಕೆಲಸಕ್ಕಿಳಿಯುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದಲ್ಲಿ ಮಾರ್ಕ್ ರಾಸ್‌ವೆಲ್ಟ್ ಮತ್ತು ಹಾನೆಸ್ ಮ್ಯೂಲೈಸೆನ್ ರೂಪಿಸಿದ ಡಕ್‌ಡಿಬಿ ಇದನ್ನೇ ಡೇಟಾಬೇಸ್‌ಗಳ ಪ್ರಶ್ನೆಭಾಷೆಯಾದ ಎಸ್‌ಕ್ಯೂಎಲ್ ಮೂಲಕ ಮಾಡುತ್ತದೆ. ಬೇರೆ ಸರ್ವರ್ ಬೇಕಿಲ್ಲ, ನಮ್ಮ ಪ್ರೋಗ್ರಾಂ ಒಳಗೇ ಅದು ಕೂರುತ್ತದೆ. ಸಾಲುಗಳನ್ನು ಒಂದೊಂದಾಗಿ ನೋಡದೆ, ಪ್ರತಿ ಕಾಲಂನಿಂದ 2,048 ಮೌಲ್ಯಗಳ ಒಂದೊಂದು ಕಂತೆ ತೆಗೆದು ಪ್ರೊಸೆಸರ್‌ನ ಕ್ಯಾಶ್‌ನಲ್ಲಿ (ಅದರೊಳಗಿನ ಪುಟ್ಟ ವೇಗದ ಮೆಮೊರಿಯಲ್ಲಿ) ಹಿಡಿಯುವಷ್ಟನ್ನೇ ಅರೆಯುತ್ತ ಹೋಗುವುದು ಅದರ ಕ್ರಮ. ಮೆಮೊರಿ ಸಾಲದಿದ್ದರೆ ಹೆಚ್ಚಾದದ್ದನ್ನು ಡಿಸ್ಕಿಗೆ ಇಳಿಸುತ್ತದೆ. ಎರಡಕ್ಕೂ ನೆರವಾಗುವುದು ಪಾರ್ಕೆ ಎಂಬ ಕಡತ ಮಾದರಿ: ಡೇಟಾ ಅಲ್ಲಿ ಕಾಲಂವಾರು ಇರುತ್ತದೆ, ಪ್ರತಿ ತುಂಡಿನ ಕನಿಷ್ಠ, ಗರಿಷ್ಠ ಮೌಲ್ಯಗಳೂ ಬರೆದಿರುತ್ತವೆ. ಮಾರ್ಚ್ ತಿಂಗಳ ಡೇಟಾ ಕೇಳಿದರೆ ಜನವರಿಯ ತುಂಡುಗಳನ್ನು ತೆರೆಯದೆಯೇ ದಾಟಬಹುದು. 30 ಜಿಬಿಯ ಕಡತದಲ್ಲಿ ನಿಜವಾಗಿ ಓದಬೇಕಾದದ್ದು ಹಲವೊಮ್ಮೆ ಒಂದೆರಡು ಜಿಬಿ ಅಷ್ಟೇ.

ಸ್ಪಾರ್ಕ್ ಕೂಡ ಪಾರ್ಕೆಯನ್ನು ಹೀಗೆಯೇ ಓದುತ್ತದೆ, ಸರಣಿಯನ್ನೂ ಮೊದಲು ಯೋಜಿಸಿಕೊಳ್ಳುತ್ತದೆ. ಸಣ್ಣ ಕೆಲಸದಲ್ಲಿ ಅದು ಹಿಂದೆ ಬೀಳುವುದು ಹಂಚಿಕೆಯ ಕಾರಣಕ್ಕೆ. ಗುಂಪು ಮಾಡುವಾಗ, ಜೋಡಿಸುವಾಗ ಒಂದೇ ಕೀಲಿಯ (ಹೊಂದಿಸಲು ಬಳಸುವ ಕಾಲಂನಲ್ಲಿ ಒಂದೇ ಮೌಲ್ಯವಿರುವ) ಸಾಲುಗಳೆಲ್ಲ ಒಂದೆಡೆ ಸೇರಬೇಕು. ಅದಕ್ಕಾಗಿ ಡೇಟಾವನ್ನು ಕತ್ತರಿಸಿ, ಡಿಸ್ಕಿಗೆ ಬರೆದು, ನೆಟ್‌ವರ್ಕ್ ಮೂಲಕ ಯಂತ್ರದಿಂದ ಯಂತ್ರಕ್ಕೆ ಸಾಗಿಸಬೇಕು. ಈ ಷಫಲ್ ಹಂತದಲ್ಲಿ ನಾವು ಬೇರೆ ಹೇಳದಿದ್ದರೆ ಅದು 200 ಭಾಗಗಳನ್ನು ಮಾಡುತ್ತದೆ, ಡೇಟಾ ಐವತ್ತು ಎಂಬಿಯಿದ್ದರೂ ಸರಿ. ಈಚಿನ ಆವೃತ್ತಿಗಳು ಸಣ್ಣ ಭಾಗಗಳನ್ನು ತಾವೇ ಒಟ್ಟುಗೂಡಿಸುತ್ತವೆಯಾದರೂ ಎಲ್ಲ ಯಂತ್ರಗಳನ್ನು ಎಬ್ಬಿಸಿ, ಕೆಲಸ ಹಂಚಿ, ಲೆಕ್ಕ ಪಡೆಯುವ ವೆಚ್ಚ ಉಳಿದೇ ಇರುತ್ತದೆ. ದೊಡ್ಡ ಕೆಲಸದಲ್ಲಿ ಅದು ಲೆಕ್ಕಕ್ಕೆ ಬಾರದು, ಸಣ್ಣದರಲ್ಲಿ ಅದೇ ಹೆಚ್ಚು.

ಹಾಗೆಂದು ಸ್ಪಾರ್ಕ್ ಬೇಡವೆಂದಲ್ಲ. ಹತ್ತಾರು ಟಿಬಿಯ ಎರಡು ಕೋಷ್ಟಕಗಳನ್ನು ಒಂದಕ್ಕೊಂದು ಜೋಡಿಸುವಾಗ, ಆರು ಗಂಟೆ ಓಡುವ ಕೆಲಸದ ಐದನೆಯ ಗಂಟೆಯಲ್ಲಿ ಒಂದು ಯಂತ್ರ ಸತ್ತರೆ ಕಳೆದುಹೋದ ಭಾಗವನ್ನಷ್ಟೇ ಮತ್ತೆ ಲೆಕ್ಕಹಾಕುವ ಅದರ ಗುಣಕ್ಕೆ ಬೆಲೆ ಕಟ್ಟಲಾಗದು. ಡಕ್‌ಡಿಬಿಯಲ್ಲಿ ಯಂತ್ರ ಬಿದ್ದರೆ ಕೆಲಸ ಮೊದಲಿನಿಂದ ಆಗಬೇಕು. ಅದರ ಕಡತಕ್ಕೆ ಒಂದು ಹೊತ್ತಿಗೆ ಒಂದೇ ಪ್ರಕ್ರಿಯೆ ಬರೆಯಬಹುದು ಎಂಬ ಮಿತಿಯನ್ನು ಮರೆತು, ನಾಲ್ಕು ಕೆಲಸಗಳನ್ನು ಒಟ್ಟಿಗೆ ಒಂದೇ ಕಡತಕ್ಕೆ ಹಚ್ಚಿ ಪರದಾಡುವವರಿದ್ದಾರೆ. ನನ್ನ ತೀರ್ಮಾನವನ್ನು ಇಲ್ಲೇ ಹೇಳಿಬಿಡುತ್ತೇನೆ: ಒಂದು ಸಲಕ್ಕೆ ಮುಟ್ಟುವ ಡೇಟಾ ಕೆಲವು ನೂರು ಜಿಬಿಯೊಳಗಿದ್ದರೆ ಹೊಸ ಕೆಲಸವನ್ನು ಒಂದೇ ಯಂತ್ರದಲ್ಲಿ ಆರಂಭಿಸುವುದು ಸರಿ. ಈಗಾಗಲೇ ಸ್ಪಾರ್ಕ್‌ನಲ್ಲಿ ಓಡುತ್ತಿರುವ ಹಳೆಯದನ್ನು ಬರೀ ವೇಗದ ಆಸೆಗೆ ಕಿತ್ತುಹಾಕುವುದು ಸರಿಯಲ್ಲ. ಏಕೆ ಸರಿಯಲ್ಲವೆಂಬುದು ಮುಂದೆ ಬರುತ್ತದೆ.

ಈಗ ಅಳತೆಯ ವಿಷಯ. ಡೇಟಾ ಟೂಲ್‌ಗಳ ಹೋಲಿಕೆಯಲ್ಲಿ ಬಹಳ ಉಲ್ಲೇಖವಾಗುವ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಒಂದನ್ನು ಎಚ್2ಓ ಕಂಪನಿ ಆರಂಭಿಸಿತ್ತು. 0.5, 5 ಮತ್ತು 50 ಜಿಬಿ ಗಾತ್ರದ ಡೇಟಾದ ಮೇಲೆ ಗುಂಪು ಮಾಡುವ, ಜೋಡಿಸುವ ಕೆಲಸಗಳನ್ನು ಅದು ಅಳೆಯುತ್ತಿತ್ತು. 2021ರಲ್ಲಿ ಅದು ನಿಂತುಹೋಯಿತು. 2023ರಲ್ಲಿ ಅದನ್ನು ಮತ್ತೆ ಎತ್ತಿಕೊಂಡು ನಡೆಸತೊಡಗಿದ್ದು ಡಕ್‌ಡಿಬಿಯ ಹಿಂದಿನ ಕಂಪನಿಯೇ. ಇನ್ನೊಂದು ಜನಪ್ರಿಯ ಪಟ್ಟಿಯಾದ ಕ್ಲಿಕ್‌ಬೆಂಚ್ ಅನ್ನು ನಡೆಸುವುದು ಕ್ಲಿಕ್‌ಹೌಸ್ ಎಂಬ ಡೇಟಾಬೇಸ್ ಕಂಪನಿ. ಪೋಲಾರ್ಸ್‌ನವರಿಗೂ ತಮ್ಮದೇ ಒಂದು ಅಳತೆಯಿದೆ. ಇವರೆಲ್ಲ ಕೋಡ್ ಅನ್ನು ಬಹಿರಂಗವಾಗಿಟ್ಟಿದ್ದಾರೆ, ಪ್ರತಿಸ್ಪರ್ಧಿಗಳು ತಿದ್ದುಪಡಿ ಕಳುಹಿಸಬಹುದು, ಮೋಸವೇನೂ ಇಲ್ಲ. ಆದರೂ ಸಂತೆಯಲ್ಲಿ ಅಕ್ಕಿ ಮಾರುವವನೇ ಸೇರನ್ನೂ ತಂದಿದ್ದಾನೆ ಎಂಬುದು ಕೊಳ್ಳುವವನ ಗಮನದಲ್ಲಿರಬೇಕು. ಸೇರು ಸರಿಯಿದ್ದರೂ ಯಾವ ಕಾಳನ್ನು ಅಳೆದು ತೋರಿಸಬೇಕೆಂದು ಆರಿಸುವವನು ಅವನೇ.

ಇದರ ದೊಡ್ಡ ಪ್ರದರ್ಶನ ನಡೆದದ್ದು 2021ರ ನವೆಂಬರ್‌ನಲ್ಲಿ. ಸ್ಪಾರ್ಕ್‌ನ ಮೂಲಕರ್ತೃಗಳು ಕಟ್ಟಿದ ಡೇಟಾಬ್ರಿಕ್ಸ್, ಟಿಪಿಸಿ ಎಂಬ ಉದ್ಯಮ ಮಂಡಳಿಯ 100 ಟಿಬಿ ಪರೀಕ್ಷೆಯಲ್ಲಿ ದಾಖಲೆ ಮಾಡಿದ್ದಾಗಿ ಘೋಷಿಸಿ, ತಾನು ಪ್ರತಿಸ್ಪರ್ಧಿ ಕಂಪನಿಯಾದ ಸ್ನೋಫ್ಲೇಕ್‌ಗಿಂತ 2.7 ಪಟ್ಟು ವೇಗವೆಂಬ ಇನ್ನೊಂದು ಅಧ್ಯಯನವನ್ನೂ ಮುಂದಿಟ್ಟಿತು. ಕೆಲವೇ ದಿನಗಳಲ್ಲಿ ಸ್ನೋಫ್ಲೇಕ್ ಅದೇ ಪರೀಕ್ಷೆಯನ್ನು ತಾನೇ ಓಡಿಸಿ, ಎದುರಾಳಿ ತನಗೆ ಬರೆದ ಸಮಯದ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಸಿದ್ದಾಗಿ ಹೇಳಿತು. ಡೇಟಾವನ್ನು ಮೊದಲೇ ಹೇಗೆ ತುಂಬಿ ಜೋಡಿಸಲಾಗಿತ್ತು ಎಂಬುದರ ಮೇಲೆ ವಾದ ಮುಂದುವರಿಯಿತು. ಅದೇ ಉತ್ಪನ್ನ, ಅದೇ ಪ್ರಶ್ನೆಗಳು; ಓಡಿಸಿದ ಕೈ ಬದಲಾದದ್ದಕ್ಕೆ ಇಷ್ಟು ವ್ಯತ್ಯಾಸ. ಆ ಜಗಳದಿಂದ ಒಂದು ಲಾಭವಂತೂ ಆಯಿತು. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನ ಪ್ರಾಧ್ಯಾಪಕ ಡೇವಿಡ್ ಡಿವಿಟ್ ಅವರ ಅಳತೆಯಿಂದ ಮುಜುಗರಕ್ಕೊಳಗಾದ ಒರಾಕಲ್, ಬೆಂಚ್‌ಮಾರ್ಕ್ ಫಲಿತಾಂಶ ಪ್ರಕಟಿಸಬಾರದೆಂಬ ಷರತ್ತನ್ನು ತನ್ನ ಪರವಾನಗಿಗೆ ಸೇರಿಸಿತ್ತು. ಮುಂದೆ ಹಲವು ಕಂಪನಿಗಳು ಅದನ್ನು ಅನುಸರಿಸಿದವು. 2021ರ ಈ ವಾಗ್ವಾದದ ವೇಳೆ ಡೇಟಾಬ್ರಿಕ್ಸ್ ಮತ್ತು ಸ್ನೋಫ್ಲೇಕ್ ಎರಡೂ ಆ ಷರತ್ತನ್ನು ಕೈಬಿಟ್ಟವು.

ಕುತೂಹಲದ ಸಂಗತಿಯೆಂದರೆ, ಡಕ್‌ಡಿಬಿಯ ಕರ್ತೃಗಳೇ 2018ರಲ್ಲಿ ಸಹೋದ್ಯೋಗಿಗಳೊಡನೆ ಬರೆದ ಪ್ರಬಂಧದಲ್ಲಿ ನ್ಯಾಯಯುತ ಹೋಲಿಕೆ ಎಷ್ಟು ಕಷ್ಟವೆಂದು ವಿವರಿಸಿದ್ದರು. ತನ್ನ ವ್ಯವಸ್ಥೆಯನ್ನು ಪೂರ್ತಿ ಶ್ರುತಿಮಾಡಿ ಎದುರಾಳಿಯನ್ನು ಮೂಲ ಹೊಂದಿಕೆಯಲ್ಲೇ ಓಡಿಸುವುದು, ಒಂದರ ಡೇಟಾ ಆಗಲೇ ಕ್ಯಾಶ್‌ನಲ್ಲಿರುವಾಗ ಇನ್ನೊಂದನ್ನು ಡಿಸ್ಕಿನಿಂದ ಓದಿಸುವುದು, ಇವೆಲ್ಲ ಅದರಲ್ಲಿವೆ. ಫಲಿತಾಂಶ ಸರಿಯಿದೆಯೇ ಎಂದೇ ನೋಡದೆ ವೇಗವನ್ನಷ್ಟೇ ಬರೆದುಕೊಳ್ಳುವುದೂ ಆ ಪಟ್ಟಿಯಲ್ಲಿದೆ.

ಒಡೆತನದ ಮಾತನ್ನು ಬೇಗ ಮುಗಿಸುತ್ತೇನೆ. ಡಕ್‌ಡಿಬಿ ಮತ್ತು ಪೋಲಾರ್ಸ್ ಎರಡೂ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಎಂಐಟಿ ಪರವಾನಗಿಯವು. ಡಕ್‌ಡಿಬಿಯ ಹಕ್ಕುಗಳು ಲಾಭರಹಿತ ಪ್ರತಿಷ್ಠಾನವೊಂದರಲ್ಲಿವೆ, ಪೋಲಾರ್ಸ್‌ನ ಹಿಂದೆ ಹೂಡಿಕೆ ಪಡೆದ ಕಂಪನಿಯಿದೆ. ಸ್ಪಾರ್ಕ್ ಅಪಾಚೆ ಪ್ರತಿಷ್ಠಾನದ್ದು, ಆದರೆ ಡೇಟಾಬ್ರಿಕ್ಸ್ ತನ್ನ ಗ್ರಾಹಕರಿಗೆ ಕೊಡುವ ಫೋಟಾನ್ ಎಂಬ ವೇಗದ ಎಂಜಿನ್ ಮುಕ್ತವಾಗಿಲ್ಲ. ಹಾಗಾಗಿ ಡೇಟಾಬ್ರಿಕ್ಸ್‌ನ ಮೇಲೆ ಅಳೆದ ಅಂಕಿ, ನಾವೇ ಎಬ್ಬಿಸುವ ಸ್ಪಾರ್ಕ್‌ಗೆ ಅನ್ವಯಿಸುವುದಿಲ್ಲ. 2023ರ ಆಗಸ್ಟ್‌ನಲ್ಲಿ ಮುಕ್ತವಾಗಿದ್ದ ಟೆರಾಫಾರ್ಮ್ ಎಂಬ ಟೂಲ್‌ನ ಪರವಾನಗಿ ಬಿಗಿಯಾಗಿ ಅದರ ಮುಕ್ತ ಕವಲಾಗಿ ಓಪನ್‌ಟೋಫು ಹುಟ್ಟಿದ್ದು, 2024ರಲ್ಲಿ ರೆಡಿಸ್ ಎಂಬ ಡೇಟಾಬೇಸ್‌ನಿಂದ ಹಾಗೆಯೇ ವಾಲ್ಕೀ ಕವಲೊಡೆದದ್ದು ಎಲ್ಲರ ನೆನಪಿನಲ್ಲಿದೆ. ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಗಳು ಮರೆಯುವುದು ಇನ್ನೊಂದನ್ನು: ಪಾಂಡಾಸ್ ಉಚಿತವಾದರೂ, ಅದನ್ನು ಅನಕೊಂಡಾ ಎಂಬ ಪೈಥಾನ್ ವಿತರಕ ಕಂಪನಿಯ ಮೂಲ ಭಂಡಾರದಿಂದ ಇಳಿಸಿಕೊಳ್ಳುವ 200ಕ್ಕೂ ಹೆಚ್ಚು ನೌಕರರ ವಾಣಿಜ್ಯ ಸಂಸ್ಥೆ ಹಣ ಕೊಡಬೇಕಾಗುತ್ತದೆ.

ಇನ್ನು ಉತ್ತರಗಳ ವಿಷಯಕ್ಕೆ ಬರೋಣ. ಮಾರಾಟದ ಕೋಷ್ಟಕವೊಂದರಲ್ಲಿ ಕೆಲವು ಸಾಲುಗಳ ತಾಲ್ಲೂಕಿನ ಹೆಸರು ಖಾಲಿ ಇದೆ ಎಂದುಕೊಳ್ಳಿ. ತಾಲ್ಲೂಕುವಾರು ಮೊತ್ತ ಕೇಳಿದರೆ ಪಾಂಡಾಸ್ ಆ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸ್ಪಾರ್ಕ್, ಡಕ್‌ಡಿಬಿ, ಪೋಲಾರ್ಸ್ ಮೂರೂ ಖಾಲಿಯನ್ನೇ ಒಂದು ಗುಂಪಾಗಿ ತೋರಿಸುತ್ತವೆ. ಪಾಂಡಾಸ್‌ನಿಂದ ಪೋಲಾರ್ಸ್‌ಗೆ ಬಂದ ಮರುದಿನ ಒಟ್ಟು ಮಾರಾಟ ಹೆಚ್ಚಿತೆಂದು ಯಾರಾದರೂ ಸಂತೋಷಪಟ್ಟರೆ ಕಾರಣ ಇದಾಗಿರಬಹುದು. ಜೋಡಿಸುವಾಗ ಇದಕ್ಕಿಂತ ಅಪಾಯ. ಪಾಂಡಾಸ್ ಖಾಲಿ ಕೀಲಿಯನ್ನು ಇನ್ನೊಂದು ಖಾಲಿ ಕೀಲಿಗೆ ಸಮವೆಂದೇ ಭಾವಿಸುತ್ತದೆ. ಎರಡೂ ಕಡೆ ಫೋನ್ ಸಂಖ್ಯೆಯಿಲ್ಲದ ಸಾವಿರ ಸಾವಿರ ಸಾಲುಗಳಿದ್ದರೆ ಫಲಿತಾಂಶದಲ್ಲಿ 10 ಲಕ್ಷ ಸಾಲುಗಳು ಹುಟ್ಟುತ್ತವೆ. ಎಸ್‌ಕ್ಯೂಎಲ್‌ನ ನಿಯಮದಂತೆ ನಡೆಯುವ ಉಳಿದ ಮೂರರಲ್ಲಿ ಒಂದೂ ಹುಟ್ಟುವುದಿಲ್ಲ.

ಏರಿಕೆಯ ಕ್ರಮದಲ್ಲಿ ಜೋಡಿಸಿ ಮೊದಲ ಹತ್ತು ಸಾಲು ಕೇಳಿದರೆ ಸ್ಪಾರ್ಕ್ ಮತ್ತು ಪೋಲಾರ್ಸ್ ಖಾಲಿಯನ್ನು ಮೊದಲು ತರುತ್ತವೆ, ಡಕ್‌ಡಿಬಿ ಮತ್ತು ಪಾಂಡಾಸ್ ಕೊನೆಗೆ ತಳ್ಳುತ್ತವೆ. ಎಲ್ಲವೂ ಖಾಲಿಯಿರುವ ಕಾಲಂ ಅನ್ನು ಕೂಡಿಸಿದರೆ ಪಾಂಡಾಸ್, ಪೋಲಾರ್ಸ್‌ಗಳಲ್ಲಿ ಸೊನ್ನೆ, ಡಕ್‌ಡಿಬಿ, ಸ್ಪಾರ್ಕ್‌ಗಳಲ್ಲಿ ಖಾಲಿ. ಒಂದರ ಅರ್ಥ ‘ಮಾರಾಟ ಆಗಿಲ್ಲ’, ಇನ್ನೊಂದರ ಅರ್ಥ ‘ಮಾಹಿತಿ ಇಲ್ಲ’. ಲೆಕ್ಕ ತಪಾಸಣೆಯವರ ಮುಂದೆ ಇವೆರಡೂ ಒಂದೇ ಅಲ್ಲ. ನಡುನಡುವೆ ಖಾಲಿಯಿರುವ ಪೂರ್ಣಾಂಕಗಳ ಕಾಲಂ ಅನ್ನು ಪಾಂಡಾಸ್ ಓದುವಾಗ ಮೂಲ ಹೊಂದಿಕೆಯಲ್ಲಿ ದಶಮಾಂಶ ಸಂಖ್ಯೆಯಾಗಿ ಬದಲಿಸುತ್ತದೆ. 9007199254740993 ಎಂಬ ಖಾತೆ ಸಂಖ್ಯೆ ಆಗ 9007199254740992 ಆಗುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ಇವೆಲ್ಲವನ್ನೂ ಒಂದೊಂದು ಹೊಂದಿಕೆಯಿಂದ ಸರಿಪಡಿಸಬಹುದು. ಆದರೆ ಹಳೆಯ ಕೋಡ್ ಬರೆದವರು ಆ ಮೂಲ ವರ್ತನೆಯನ್ನು ತಿಳಿದೋ ತಿಳಿಯದೆಯೋ ನೆಚ್ಚಿಕೊಂಡಿರುತ್ತಾರೆ. ಓಡುತ್ತಿರುವುದನ್ನು ವೇಗಕ್ಕಾಗಿ ಕೀಳಬಾರದೆಂದು ಮೇಲೆ ಹೇಳಿದ್ದು ಇದಕ್ಕೆ: ಬದಲಾವಣೆಯ ನಿಜವಾದ ಖರ್ಚು ಹೊಸ ಕೋಡ್ ಬರೆಯುವುದರಲ್ಲಿಲ್ಲ, ಎರಡನ್ನೂ ಕೆಲವು ವಾರ ಜೊತೆಗೆ ಓಡಿಸಿ ಸಾಲುಸಾಲಾಗಿ ತಾಳೆ ನೋಡುವುದರಲ್ಲಿದೆ.

ಕನ್ನಡದ ಡೇಟಾ ಇದ್ದವರಿಗೆ ಇನ್ನೊಂದು ಪದರವಿದೆ. ಬೆಂಚ್‌ಮಾರ್ಕ್‌ಗಳ ಪಠ್ಯವೆಲ್ಲ ಬಹುತೇಕ ರೋಮನ್ ಲಿಪಿಯದು, ಅಕ್ಷರಕ್ಕೆ ಒಂದೇ ಬೈಟ್. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತಕ್ಕೂ ಯುಟಿಎಫ್-8 ಎಂಬ ಸಂಗ್ರಹ ಕ್ರಮದಲ್ಲಿ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 5 ಸಂಕೇತ, ಸಂಗ್ರಹದಲ್ಲಿ 15 ಬೈಟ್. ಪೋಲಾರ್ಸ್ ಬೈಟ್‌ಗೂ ಸಂಕೇತಕ್ಕೂ ಬೇರೆ ಬೇರೆ ಫಂಕ್ಷನ್ ಕೊಟ್ಟು ಆಯ್ಕೆಯನ್ನು ನಮಗೇ ಬಿಡುತ್ತದೆ. ಡಕ್‌ಡಿಬಿ, ಪಾಂಡಾಸ್, ಸ್ಪಾರ್ಕ್‌ಗಳ ಸಾಮಾನ್ಯ ಉದ್ದದ ಫಂಕ್ಷನ್‌ಗಳು 5 ಎನ್ನುತ್ತವೆ. ಅರ್ಜಿಯಲ್ಲಿ ಹೆಸರು ಮೂವತ್ತು ಅಕ್ಷರ ಮೀರಬಾರದೆಂಬ ನಿಯಮವನ್ನು ಇದರಿಂದ ಪರೀಕ್ಷಿಸಿದರೆ ಒತ್ತಕ್ಷರ ಹೆಚ್ಚಿರುವ ಹೆಸರುಗಳಿಗೆ ಅನ್ಯಾಯವಾಗುತ್ತದೆ. ವಿಂಗಡಣೆಯೂ ಹಾಗೆಯೇ. ವರ್ಣಮಾಲೆಯಲ್ಲಿ ‘ಳ’ ಕೊನೆಯದು, ಯೂನಿಕೋಡ್ ಕೋಷ್ಟಕದಲ್ಲಿ ಅದು ‘ಲ’ದ ಪಕ್ಕದಲ್ಲಿದೆ. ಬರೀ ಸಂಕೇತದ ಕ್ರಮದಲ್ಲಿ ಜೋಡಿಸಿದರೆ ಬಸವಕಲ್ಯಾಣಕ್ಕಿಂತ ಮೊದಲು ಬಳ್ಳಾರಿ ಬರುತ್ತದೆ, ನಿಘಂಟಿನಲ್ಲಿ ಅದು ತಿರುಗುಮುರುಗು. ಭಾಷಾವಾರು ವಿಂಗಡಣೆಗೆ ಡಕ್‌ಡಿಬಿಯಲ್ಲಿ ಐಸಿಯು ಎಂಬ ವಿಸ್ತರಣೆಯಿದೆ, ಸ್ಪಾರ್ಕ್‌ಗೆ ಆ ಸೌಲಭ್ಯ 2025ರ 4.0 ಆವೃತ್ತಿಯೊಂದಿಗೆ ಬಂತು.

ಹೆಚ್ಚು ಕಾಡುವುದು ಕೋಷ್ಟಕಗಳ ಜೋಡಣೆ. ‘ಹೊಸಪೇಟೆ’ ಎಂಬ ಹೆಸರನ್ನು ಯೂನಿಕೋಡ್‌ನಲ್ಲಿ 7 ಸಂಕೇತಗಳಲ್ಲಿ ಬರೆಯಬಹುದು. ‘ಹೊ’ದ ಕೊಂಬನ್ನೂ ‘ಪೇ’ಯ ದೀರ್ಘವನ್ನೂ ಬಿಡಿಬಿಡಿಯಾಗಿ ಬರೆದರೆ ಅದೇ ಹೆಸರು 9 ಸಂಕೇತವಾಗುತ್ತದೆ, 21 ಬೈಟ್ ಇದ್ದದ್ದು 27 ಆಗುತ್ತದೆ. ತೆರೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಊರುಗಳು. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಈ ಚಿಹ್ನೆಗಳು ತುಂಡುತುಂಡಾಗಿದ್ದವು. ಅಂಥ ಕಡತಗಳನ್ನು ಯೂನಿಕೋಡ್‌ಗೆ ತಂದಾಗ ಬಿಡಿ ರೂಪ ಉಳಿದುಕೊಂಡಿರುವುದುಂಟು. ಅವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಲು ಪಾಂಡಾಸ್, ಡಕ್‌ಡಿಬಿ ಮತ್ತು ಪೋಲಾರ್ಸ್‌ನ ಈಚಿನ ಆವೃತ್ತಿಗಳಲ್ಲಿ ಸಿದ್ಧ ಫಂಕ್ಷನ್ ಇದೆ. ಸ್ಪಾರ್ಕ್‌ನಲ್ಲಿ ಸಾಮಾನ್ಯವಾಗಿ ನಾವೇ ಒಂದು ಪೈಥಾನ್ ಫಂಕ್ಷನ್ ಬರೆದು ಸೇರಿಸುತ್ತೇವೆ. ಆಗ ಪ್ರತಿ ಸಾಲೂ ಜಾವಾದ ಕಡೆಯಿಂದ ಪೈಥಾನ್ ಕಡೆಗೆ ಹೋಗಿ ಬರಬೇಕು, ಪಟ್ಟಿಯಲ್ಲಿ ಕಂಡಿದ್ದ ವೇಗ ಅಲ್ಲಿಗೆ ಕರಗುತ್ತದೆ.

ಎನ್‌ಎಫ್‌ಸಿ ಕೂಡ ತೆಗೆಯದ ಒಂದು ವಸ್ತುವಿದೆ. ವ್ಯಂಜನಗಳು ಒತ್ತಕ್ಷರವಾಗಿ ಕೂಡದಂತೆ ನಾವು ನಡುವೆ ಸೇರಿಸುವ, ಕಣ್ಣಿಗೆ ಕಾಣದ ಸಂಕೇತ ಅದು. ಈ ಲೇಖನದ ‘ಡಕ್‌ಡಿಬಿ’ ಎಂಬ ಪದದಲ್ಲೇ ಒಂದು ಅಡಗಿದೆ, ತೆಗೆದರೆ ಅದು ‘ಡಕ್ಡಿಬಿ’ ಆಗುತ್ತದೆ. ಜನರ ಹೆಸರುಗಳಿಂದ ಅದನ್ನು ಅಳಿಸಿದರೆ ಮುದ್ರಿತ ಪತ್ರದಲ್ಲಿ ಅವರ ಹೆಸರು ಕೆಡುತ್ತದೆ, ಉಳಿಸಿದರೆ ಜೋಡಣೆ ತಪ್ಪುತ್ತದೆ. ಹಾಗಾಗಿ ತೋರಿಸಲು ಒಂದು, ಹೊಂದಿಸಲು ಇನ್ನೊಂದು ಎಂದು ಎರಡು ಕಾಲಂ ಇಟ್ಟುಕೊಳ್ಳಬೇಕಾಗುತ್ತದೆ. ಟೂಲ್‌ಗಳನ್ನು ಹೋಲಿಸಲು ಕೂರುವ ದಿನ ಆ ಎರಡನೆಯ ಕಾಲಂ ತಯಾರಿಸುವ ಕೆಲಸವನ್ನೂ ಸೇರಿಸಿಯೇ ಗಡಿಯಾರ ಒತ್ತಬೇಕು.